ಬೀಚ್ ಬಾಯ್ಸ್‌ನ 'ಸನ್‌ಫ್ಲವರ್' ಹಳೆ ಎಲ್‌ಪಿ: ಖಂಡಿತ ತಗೊಳ್ಳಿ, ಆದರೆ ಕೇಳಿ ತಗೊಳ್ಳಿ

ಸರ್, ಅಮೆರಿಕದ ಹಾಡುಗಾರರ ತಂಡ ಬೀಚ್ ಬಾಯ್ಸ್‌ನ 'ಸನ್‌ಫ್ಲವರ್' ಹಳೆ ಎಲ್‌ಪಿ ಸಿಗುತ್ತಿದೆ, ತಗೊಳ್ಳಬಹುದಾ, ಚೆನ್ನಾಗಿದ್ದರೆ ಆ ಕಾಲದಲ್ಲಿ ಯಾಕೆ ಓಡಲಿಲ್ಲ ಅಂತ ಕೇಳಿದ್ದೀರಿ. ಖಂಡಿತ ತಗೊಳ್ಳಿ. ಅದೇ ತಂಡದ 'ಪೆಟ್ ಸೌಂಡ್ಸ್' ಆಲ್ಬಮ್ ಇಷ್ಟಪಟ್ಟವರ ಮನೆಯಲ್ಲಿ ಇದು ಇರಲೇಬೇಕು.

ಓಡಲಿಲ್ಲ ಅನ್ನೋದು ನಿಜ. 1970ರ ಆಗಸ್ಟ್‌ನಲ್ಲಿ ಬಂತು, ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ 151ರ ಮೇಲೆ ಏರಲೇ ಇಲ್ಲ. ಬ್ರಿಟನ್‌ನಲ್ಲಿ 29ರವರೆಗೆ ಹೋಯಿತು. ನನ್ನ ಪ್ರಕಾರ ತಪ್ಪು ಹಾಡುಗಳದ್ದಲ್ಲ, ತಂಡದ ಹೆಸರಿಗೆ ಅಂಟಿದ್ದ ಹಳೆ ಇಮೇಜಿನದ್ದು. ವುಡ್‌ಸ್ಟಾಕ್ ಅನ್ನೋ ದೊಡ್ಡ ರಾಕ್ ಸಂಗೀತೋತ್ಸವ ಆಗಿ ಒಂದು ವರ್ಷ ಆಗಿತ್ತು. ಹುಡುಗರಿಗೆ ಜೋರು ಗಿಟಾರ್ ಬೇಕಿತ್ತು. ಪಟ್ಟೆ ಶರ್ಟು ಹಾಕಿಕೊಂಡು ಕಡಲ ಅಲೆ, ಕಾರು ಅಂತ ಹಾಡಿದವರನ್ನು ಯಾರು ಕೇಳುತ್ತಾರೆ, ಅಲ್ವಾ? ಇದನ್ನು ಹೊರತಂದ ರಿಪ್ರೈಸ್ ರೆಕಾರ್ಡ್ ಕಂಪನಿಯೂ ಮೊದಲು ಕೊಟ್ಟ ಹಾಡುಗಳನ್ನು ಒಪ್ಪದೆ ವಾಪಸ್ ಕಳಿಸಿತ್ತು. ಆದರೂ 'ರೋಲಿಂಗ್ ಸ್ಟೋನ್' ಸಂಗೀತ ಪತ್ರಿಕೆ ಆಗಲೇ ಮೆಚ್ಚಿ ಬರೆದಿತ್ತು, 2003ರಲ್ಲಿ ಅದರ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯಲ್ಲೂ ಇದು ಬಂತು.

ಇದರ ವಿಶೇಷ ಏನೆಂದರೆ, ಇಲ್ಲಿ ತಂಡದ ಮುಖ್ಯ ಹಾಡು ಕಟ್ಟುವವರಾದ ಬ್ರಯನ್ ವಿಲ್ಸನ್ ಒಬ್ಬರೇ ಭಾರ ಹೊರುವುದಿಲ್ಲ. ತಂಡದ ಆರೂ ಜನರ ಕೈ ಇದೆ. ಅದರಲ್ಲೂ ಬ್ರಯನ್ ಅವರ ತಮ್ಮ ಡೆನ್ನಿಸ್. ಡ್ರಮ್ಸ್ ಹುಡುಗ ಅಂತಲೇ ಜನ ನೋಡಿದ್ದ ಆತ ಇಲ್ಲಿ ನಾಲ್ಕು ಹಾಡು ಕಟ್ಟಿದ್ದಾರೆ. 'ಫಾರೆವರ್' ಕೇಳಿ. ದನಿ ಸ್ವಲ್ಪ ಒರಟು, ಎಲ್ಲೂ ಆಡಂಬರ ಇಲ್ಲ, ಹಿಂದೆ ಅಣ್ಣತಮ್ಮಂದಿರ ದನಿಗಳು ಮೆಲ್ಲಗೆ ಎದ್ದು ಬರುತ್ತವೆ. ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಬ್ರಯನ್ ಬರೆದ 'ದಿಸ್ ಹೋಲ್ ವರ್ಲ್ಡ್' ಎರಡು ನಿಮಿಷವೂ ಇಲ್ಲ. ಅಷ್ಟರೊಳಗೆ ಶ್ರುತಿ ಮತ್ತೆ ಮತ್ತೆ ಬದಲಾಗುತ್ತದೆ, ಇನ್ನೊಬ್ಬ ತಮ್ಮ ಕಾರ್ಲ್ ಹಾಡುವಾಗ ಗೊತ್ತೇ ಆಗುವುದಿಲ್ಲ. ಒಂದು ಸಲ ಸುಮ್ನೆ ಕೇಳಿ, ಇನ್ನೊಂದು ಸಲ ಜೊತೆಗೆ ಗುನುಗಿ ನೋಡಿ, ಎಲ್ಲಿ ಜಾರಿತು ಅಂತ ಸಿಕ್ಕಿಬೀಳುತ್ತದೆ. 'ಗಾಟ್ ಟು ನೋ ದ ವುಮನ್' ಮಾತ್ರ ನನಗೆ ಅಷ್ಟಕ್ಕಷ್ಟೇ.

ಖರೀದಿ ವಿಷಯ. ಅಮೆರಿಕದ ಮೊದಲ ಅಚ್ಚಿನ ಮೇಲೆ ಬ್ರದರ್/ರಿಪ್ರೈಸ್ ಹೆಸರು ಇರುತ್ತದೆ, ನಂಬರ್ ಆರ್‌ಎಸ್ 6382. ಬ್ರಿಟನ್ನಿನದು ಸ್ಟೇಟ್‌ಸೈಡ್ ಲೇಬಲ್, ಅದು 'ಕಾಟನ್‌ಫೀಲ್ಡ್ಸ್' ಹಾಡಿನಿಂದ ಶುರುವಾಗುತ್ತದೆ. ಅಲ್ಲಿ ಆ ಹಾಡು ದೊಡ್ಡ ಹಿಟ್ ಆಗಿತ್ತು, ಹಾಗಾಗಿ ಸೇರಿಸಿದರು. ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ದುಡ್ಡು ಕೊಡುವ ಮೊದಲು ಎರಡನೇ ಬದಿಯ ಕೊನೆ ಹಾಡು 'ಕೂಲ್, ಕೂಲ್ ವಾಟರ್' ಹಾಕಿಸಿ. ಅದರಲ್ಲಿ ವಾದ್ಯದ ಗದ್ದಲ ಕಡಿಮೆ, ದನಿಗಳೇ ಜಾಸ್ತಿ, ಜೊತೆಗೆ ನೀರಿನ ಸದ್ದು. ನಡುವಿನ ಹತ್ತಿರದ ಗೆರೆಗಳಲ್ಲೇ ಸವೆತ ಬೇಗ ಕೇಳಿಸುವುದು. ಅಲ್ಲಿ ದನಿ ಒಡೆಯದಿದ್ದರೆ ರೆಕಾರ್ಡ್ ಚೆನ್ನಾಗಿದೆ ಅಂತ ಧೈರ್ಯ ಮಾಡಬಹುದು. ಚಟಪಟ ಜಾಸ್ತಿ ಇದ್ದರೆ ಬಿಟ್ಟುಬಿಡಿ, 2021ರ 'ಫೀಲ್ ಫ್ಲೋಸ್' ಸೆಟ್‌ನಲ್ಲಿ ಇಡೀ ಆಲ್ಬಮ್ ಸಿಗುತ್ತದೆ, ಆಗ ಕೈಬಿಟ್ಟ ಹಾಡುಗಳೂ ಇವೆ.