ಪ್ರತಿಕ್ರಿಯೆ: ಅಡಿಕೆ ತೋಟದ ಗೋಣಿ ಸೊಪ್ಪು ತಿನ್ನಬಹುದಾ?

ತೀರ್ಥಹಳ್ಳಿ ಕಡೆಯ ಅಕ್ಕ, ತೋಟದಲ್ಲಿ ಹಬ್ಬಿರುವ ಗೋಣಿ ಸೊಪ್ಪಿನಲ್ಲಿ ನಿಜವಾಗಿ ಸತ್ವ ಇದೆಯಾ, ಮನೆಯವರಿಗೆ ಕಿಡ್ನಿ ಕಲ್ಲಾಗಿತ್ತು, ಕೊಡಬಹುದಾ ಅಂತ ಕೇಳಿದ್ದೀರಿ.

ಸತ್ವ ಧಾರಾಳ ಇದೆ. ಮೀನಿನಲ್ಲಿ ಇರುತ್ತೆ ಅನ್ನುವ ಒಮೆಗಾ-3 ಕೊಬ್ಬಿನ ಸಸ್ಯರೂಪ ಇದರಲ್ಲೂ ಇದೆ. 100 ಗ್ರಾಂ ಹಸಿ ಎಲೆಗೆ ಸುಮಾರು 300–400 ಮಿಲಿಗ್ರಾಂ. ಸೊಪ್ಪುಗಳಲ್ಲಿ ಇದು ಜಾಸ್ತಿನೇ. ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ಉಂಟು.

ಆದರೆ ಕಿಡ್ನಿಯಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅನ್ನುವ ಅಂಶ ಕೂಡ ಪಾಲಕ್‌ನಷ್ಟೇ ಜೋರು. ಕಲ್ಲಾಗಿದ್ದವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಉಳಿದವರಿಗೆ ಕುದಿಸಿ, ನೀರು ಚೆಲ್ಲಿ, ಜೀರಿಗೆ, ಮೆಣಸು, ತೆಂಗಿನತುರಿ ಜೊತೆ ರುಬ್ಬಿ ಮಜ್ಜಿಗೆ ಹಾಕಿ ತಂಬುಳಿ ಮಾಡಿ. ಮಜ್ಜಿಗೆಯ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತೆ. ನಮ್ಮ ತಂಬುಳಿ ಸುಮ್ನೆ ಹುಟ್ಟಿದ್ದಲ್ಲ ಅಲ್ವಾ!

ನನಗೆ ಜಾಸ್ತಿ ಚಿಂತೆ ತೋಟದ್ದೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆದಾಗ ಆ ಮೈಲುತುತ್ತ ಕೆಳಗಿನ ಸೊಪ್ಪಿನ ಮೇಲೇ ತೊಟ್ಟಿಕ್ಕುತ್ತೆ. ಕಳೆನಾಶಕ ಹೊಡೆದಿದ್ದರಂತೂ ಆ ಜಾಗದ್ದು ಬೇಡವೇ ಬೇಡ. ಹಿತ್ತಿಲಿನದ್ದು ಕೊಯ್ಯಿರಿ.

ಕೊಯ್ಯುವಾಗ ಒಂದು ದಂಟು ಮುರಿದು ನೋಡಿ. ಗೋಣಿ ಸೊಪ್ಪಿನ ದಂಟು ದಪ್ಪ, ನುಣುಪು, ಒಳಗೆ ನೀರಿನಂಥ ರಸ. ಬಿಳಿ ಹಾಲು ಬಂತು ಅಂದ್ರೆ ಅದು ಬೇರೆ ಗಿಡ, ತಿನ್ನುವಂಥದ್ದಲ್ಲ.