ಆಪರೇಷನ್ ಆದ ಮೇಲೆ ಅಮ್ಮನ ಕೈ ಊತ

ನಿಮ್ಮ ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಸ್ತನದ ಜೊತೆ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದಿದ್ದಾರೆ, ಈಗ ಅದೇ ಕೈ ಸಂಜೆ ಹೊತ್ತಿಗೆ ಊದಿ ಬಳೆ ಬಿಗಿಯಾಗುತ್ತಿದೆ ಅಂದರೆ ಬಹುಶಃ ಲಿಂಫೆಡಿಮಾ, ಅಂದರೆ ಲಿಂಫ್ ದ್ರವ ಸರಿಯಾಗಿ ಹರಿಯದೆ ಕೈಯಲ್ಲೇ ನಿಂತು ಬರುವ ಊತ. ಆದರೆ ರಕ್ತ ಹೆಪ್ಪುಗಟ್ಟಿದರೂ, ಕಾಯಿಲೆ ಮರಳಿದರೂ ಕೈ ಊದಬಹುದು. ಹಾಗಾಗಿ ಈ ವಾರವೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ. ಲಿಂಫೆಡಿಮಾ ನೋಡಿ ಗೊತ್ತಿರುವ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಅಲ್ಲಿಯವರೆಗೆ ಆ ಕೈಯ ಬಳೆ, ಉಂಗುರ ತೆಗೆಸಿ. ಎರಡೂ ಕೈಗಳನ್ನು ಒಂದೇ ಜಾಗದಲ್ಲಿ ಟೇಪಿನಿಂದ ಅಳೆದು ಬರೆದಿಡಿ.

ಕಂಪ್ರೆಷನ್ ಸ್ಲೀವ್ (ಊತ ತಡೆಯಲು ತೋಳಿಗೆ ಹಾಕುವ ಬಿಗಿ ಪಟ್ಟಿ) ಆ ಫಿಸಿಯೋಥೆರಪಿಸ್ಟ್ ಅಳತೆ ತಗೊಂಡ ಮೇಲೆಯೇ ಕೊಳ್ಳಿ. ಅಂದಾಜಿಗೆ ತರಿಸಿದ್ದು ಬಿಗಿಯಾದರೆ ಬೆರಳೂ ಊದುತ್ತದೆ. ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದಂತೂ ಬೇಡವೇ ಬೇಡ, ಮನೆಗೆ ಬಂದವರು ಏನೇ ಹೇಳಲಿ. ಅಡುಗೆ, ಸಣ್ಣಪುಟ್ಟ ಕೆಲಸ ಬಿಡಿಸಬೇಡಿ, ಕೈ ಆಡುತ್ತಿರಬೇಕು. ಕೈ ಕೆಂಪಾಗಿ, ಬಿಸಿಯಾಗಿ ಜ್ವರ ಬಂದರೆ ಸೋಂಕಿರಬಹುದು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.