ಸೊಂಟ ನೋವು, ಶುಗರ್ ಎರಡಕ್ಕೂ ಅಕ್ಯುಪಂಕ್ಚರ್ ಆಗುತ್ತದಾ?

ಬಾಗಲಕೋಟೆ ನವನಗರದ ಶಿಬಿರದಲ್ಲಿ ಸೂಜಿ ಚುಚ್ಚಿಸಿಕೊಂಡರೆ ಅವ್ವನ ಹಳೆ ಸೊಂಟ ನೋವು, ಶುಗರ್ ಎರಡೂ ಹೋಗುತ್ತವಂತೆ, ಕರ್ಕೊಂಡು ಹೋಗಲಾ ಅಂತ ಕೇಳಿದ್ದೀರಿ. ಸೊಂಟಕ್ಕಾದರೆ ನೋಡಬಹುದು. ಶುಗರ್ ಹೋಗುತ್ತದೆ ಅನ್ನೋದನ್ನು ನಂಬಬೇಡಿ.

ಜರ್ಮನಿಯಲ್ಲಿ ಹಳೆ ಸೊಂಟ ನೋವಿನ 1,162 ಜನರ ಮೇಲೆ ದೊಡ್ಡ ಪ್ರಯೋಗ ನಡೆದಿತ್ತು, ಫಲಿತಾಂಶ 2007ರಲ್ಲಿ ಬಂತು. ಒಂದು ಗುಂಪಿಗೆ ಚೀನೀ ಪದ್ಧತಿಯ ಬಿಂದುಗಳಲ್ಲೇ ಸೂಜಿ, ಇನ್ನೊಂದಕ್ಕೆ ಆ ಬಿಂದುಗಳನ್ನು ಬಿಟ್ಟು ಬೇರೆ ಕಡೆ ಸುಮ್ನೆ ಮೇಲ್ಮೇಲೆ ಚುಚ್ಚಿದ ಸೂಜಿ, ಮೂರನೆಯದಕ್ಕೆ ಮಾಮೂಲಿ ಗುಳಿಗೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳಾದ ಮೇಲೆ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಮಜಾ ನೋಡಿ, ಎಲ್ಲಿ ಚುಚ್ಚಿದರೂ ಹೆಚ್ಚೂ ಕಮ್ಮಿ ಒಂದೇ! ನೋವು ಇಳಿದಿದ್ದು ಸುಳ್ಳಲ್ಲ, ಆದರೆ ಅದರಲ್ಲಿ ಬಿಂದುವಿನ ಪಾಲಿಗಿಂತ ನಂಬಿಕೆ, ಆರೈಕೆಯ ಪಾಲೇ ಜಾಸ್ತಿ ಅಂತ ನನಗನ್ನಿಸುತ್ತದೆ.

ಶುಗರ್ ಮಾತೇ ಬೇರೆ. ನೋವು ಎಷ್ಟಿದೆ ಅಂತ ರೋಗಿ ಹೇಳಬೇಕು, ಶುಗರ್ ಎಷ್ಟಿದೆ ಅಂತ ರಕ್ತವೇ ಹೇಳುತ್ತದೆ ಅಲ್ವಾ? ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಇದೆ, ಅದನ್ನು ಮಾಡಿಸುತ್ತಾ ಇರಿ. ಗುಳಿಗೆ, ಇನ್ಸುಲಿನ್ ಬಿಡಿ ಅಂತ ಶಿಬಿರದಲ್ಲಿ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹೋಗುವುದಾದರೆ ಸೂಜಿ ಹೊಸದಾ, ಪ್ಯಾಕೆಟ್ ನಿಮ್ಮ ಎದುರಿಗೇ ಒಡೆದರಾ ನೋಡಿ. ಶುಗರ್ ಇದ್ದವರಿಗೆ ಗಾಯ ಬೇಗ ಮಾಯುವುದಿಲ್ಲ, ಕಾಲು ಜೋಮು ಹಿಡಿದಿದ್ದರೆ ಪಾದಕ್ಕೆ ಚುಚ್ಚಿಸಲೇಬೇಡಿ. ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುತ್ತಿದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.